144 ಕಾಯಿ, ಒಂದೇ ಬೆನ್ನು

ನನ್ನ ಮೇಜಿನ ಮೇಲೆ ಎರಡು ಕಾಯಿಗಳಿವೆ. ಎರಡೂ ಮಹ್‌ಜಾಂಗ್ ಆಟದವು. ಹಳೆಯದರ ಮುಖ ಮೂಳೆಯದು, ಬೆನ್ನು ಬಿದಿರಿನದು. ಹೊಸದು ಪೂರ್ತಿ ಪ್ಲಾಸ್ಟಿಕ್. ಅಂದಕ್ಕೆ ಹಳೆಯದೇ ಸರಿ. ಆದರೆ ಆಡಲು ಕೂತರೆ ನನ್ನ ಕೈ ಹೋಗುವುದು ಹೊಸದರ ಡಬ್ಬಿಗೇ.

ಮಹ್‌ಜಾಂಗ್ ಚೀನೀಯರ ಆಟ. 19ನೇ ಶತಮಾನದಲ್ಲಿ ಅಲ್ಲಿ ರೂಪುಗೊಂಡು ಜಪಾನಿಗೆ, ಅಮೆರಿಕಕ್ಕೆ ಹೋಯಿತು. ಮನೆಯಲ್ಲಿ ದೊಡ್ಡವರು ರಮ್ಮಿ ಆಡುವುದನ್ನು ನೋಡಿದ್ದೀರಲ್ಲ? ಹೆಚ್ಚುಕಡಿಮೆ ಹಾಗೆಯೇ. ಇಸ್ಪೀಟೆಲೆಯ ಬದಲು ಪುಟ್ಟ ಇಟ್ಟಿಗೆಯಂಥ ಕಾಯಿಗಳು, ಅಷ್ಟೆ. ವೃತ್ತ, ಬಿದಿರು, ಅಕ್ಷರ ಎಂದು ಮೂರು ಜಾತಿ. ಪ್ರತಿ ಜಾತಿಯಲ್ಲೂ 1ರಿಂದ 9. ಒಂದೊಂದೂ ನಾಲ್ಕು ಸಲ. ಅಲ್ಲಿಗೆ 108 ಆಯಿತು. ನಾಲ್ಕು ದಿಕ್ಕಿನ ಗಾಳಿಗಳು 16, ಡ್ರ್ಯಾಗನ್‌ಗಳು 12, ಹೂವು ಮತ್ತು ಋತುಗಳು 8. ಕೂಡಿಸಿ ನೋಡಿ, 144.

ಆಟಕ್ಕೆ ಮೊದಲು ಕಾಯಿಗಳನ್ನೆಲ್ಲ ಕವುಚಿ ಹಾಕಿ, ನಾಲ್ಕು ಜನರ ಎಂಟು ಕೈಗಳೂ ಸೇರಿ ಕಲೆಸುತ್ತವೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಮುಂದೆ 18 ಕಾಯಿ ಉದ್ದ, ಎರಡು ಕಾಯಿ ಎತ್ತರದ ಗೋಡೆ ಕಟ್ಟುತ್ತಾರೆ. ಈಗ ಕಾಣುವುದು ಬರೀ ಬೆನ್ನುಗಳು. ಯಾವ ಬೆನ್ನಿನ ಕೆಳಗೆ ಯಾವ ಮುಖವಿದೆ ಎಂದು ಯಾರಿಗೂ ಗೊತ್ತಾಗಬಾರದು.

ನನ್ನ ಹಳೆಯ ಕಾಯಿ ಸೋಲುವುದು ಇಲ್ಲೇ. ಭೂತಗನ್ನಡಿ ಹಿಡಿದರೆ ಅದರ ಬಿದಿರ ಬೆನ್ನಿನ ಮೇಲೆ ಕಂದು ಗೆರೆಗಳು ಕಾಣುತ್ತವೆ. ಬಿದಿರು ಬದುಕಿದ್ದಾಗ ನೀರು ಹರಿಯುತ್ತಿದ್ದ ನಾಳಗಳ ಕಂತೆಗಳು ಅವು. ಒಂದು ತುಂಡಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ, ನಿಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಚುರುಕು ಕಣ್ಣಿನವರು ನಾಲ್ಕಾರು ಆಟ ಮುಗಿಯುವುದರೊಳಗೆ ‘ಈ ಜೋಡಿಗೆರೆಯದು ಪೂರ್ವದ ಗಾಳಿ’ ಎಂದು ನೆನಪಿಟ್ಟುಬಿಡುತ್ತಾರೆ. ಅದನ್ನು ಮೋಸ ಎನ್ನೋಣವೆಂದರೆ, ಕಂಡದ್ದನ್ನು ಕಾಣಲಿಲ್ಲ ಎಂದುಕೊಳ್ಳುವುದಾದರೂ ಹೇಗೆ?

ಕಾಯಿಯನ್ನು ತಿರುಗಿಸಿದರೆ ಮೂಳೆಯಲ್ಲೂ ಸೂಜಿಮೊನೆಯಂಥ ಚುಕ್ಕೆಗಳಿವೆ. ರಕ್ತನಾಳಗಳು ಹಾದುಹೋಗಿದ್ದ ದಾರಿಗಳು. ದನದ ಕಾಲಿನ ಮೂಳೆ ಒಳಗೆ ಟೊಳ್ಳು. ಅದರ ಗೋಡೆಯಿಂದ ತೆಳುವಾದ ಹಲ್ಲೆ ಮಾತ್ರ ಸಿಗುತ್ತದೆ. ಅದಕ್ಕೇ ಬೆನ್ನಿಗೆ ಬಿದಿರು. ಎರಡನ್ನೂ ಬಡಗಿಗಳು ಮಾಡುವಂತೆ, ಒಳಗೆ ಹೋದಷ್ಟೂ ಅಗಲವಾಗುವ ತೋಡು ಕೊರೆದು ಬೆಸೆದಿದ್ದಾರೆ. ಎಳೆದರೂ ಬಿಡುವುದಿಲ್ಲ. 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ಹುಚ್ಚು ಹಿಡಿದಾಗ, ಕಾಯಿ ಮಾಡಲು ಅಲ್ಲಿಂದಲೇ ಶಾಂಘೈಗೆ ಹಡಗಿನಲ್ಲಿ ಮೂಳೆ ಹೋಗುತ್ತಿತ್ತು.

ಅಷ್ಟರಲ್ಲಿ ಪ್ಲಾಸ್ಟಿಕ್ ಬಂದಿತ್ತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಬೇಕಲೈಟ್ ತಯಾರಿಸಿದ್ದರು. ಅದರಿಂದಲೂ ಕಾಯಿಗಳಾದವು. ಈಗ ಹೆಚ್ಚಾಗಿ ಮೆಲಮೈನ್ ಅಥವಾ ಅಕ್ರಿಲಿಕ್. ಬಿದ್ದರೂ ಸುಲಭಕ್ಕೆ ಒಡೆಯದ ತಟ್ಟೆಗಳು ನಿಮ್ಮ ಮನೆಯಲ್ಲಿದ್ದರೆ, ಆ ಮೆಲಮೈನೇ ಇದು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಮತ್ತೆ ಕರಗಿಸಿ ಇನ್ನೊಂದು ಅಚ್ಚಿಗೆ ಹುಯ್ಯಬಹುದು, ಅಕ್ರಿಲಿಕ್ ಹಾಗೆ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗದು, ಮೆಲಮೈನ್ ಹಾಗೆ. ಕಾಯಿಸಿ ಒತ್ತಿದಾಗ ಅದರ ಅಣುಗಳು ಬಲೆಯಂತೆ ಹೆಣೆದುಕೊಂಡುಬಿಡುತ್ತವೆ. ಎರಡರಲ್ಲೂ ನಮಗೆ ಬೇಕಾದದ್ದು ಇದೆ: ಅಚ್ಚಿನಿಂದ ಬಂದ ಬೆನ್ನುಗಳು ಒಂದೇ ಥರ.

ಅಂಗಡಿಯಲ್ಲಿ ನಾನು ಮೊದಲು ತೂಕ ನೋಡುತ್ತೇನೆ. 4 ಸೆಂ.ಮೀ. ಎತ್ತರ, 3 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಕಾಯಿ ಎಂದರೆ 24 ಘನ ಸೆಂ.ಮೀ. ಮೆಲಮೈನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಕಾಯಿಗೆ 36 ಗ್ರಾಂ, ಸೆಟ್ಟಿಗೆ ಐದು ಕಿಲೋಗೂ ಮೇಲೆ! ಸುಮಾರು 1.2 ಪಟ್ಟು ಭಾರದ ಅಕ್ರಿಲಿಕ್ ಸೆಟ್ಟು ಎಷ್ಟಾದೀತು ಎಂಬ ಲೆಕ್ಕ ನಿಮಗೆ ಬಿಟ್ಟದ್ದು. ಮೊಣಕೈ ತಗುಲಿದರೆ ಹಗುರ ಗೋಡೆ ಬೇಗ ಕುಸಿಯುತ್ತದೆ. ದಪ್ಪವೂ ಮುಖ್ಯ: ಆಡುವಾಗ ಮುಂದೆ ನಿಲ್ಲಿಸಿಕೊಂಡ ಇಂಥ ಕಾಯಿ 26 ಡಿಗ್ರಿಯವರೆಗೆ ವಾಲಿದರೂ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಅಮೆರಿಕದ ಕಾಯಿಗಳು ತೆಳು, ಅವಕ್ಕೆ ಒರಗಲು ಪಟ್ಟಿ ಬೇಕು.

ಆಮೇಲೆ ಹೆಬ್ಬೆರಳು. ಪಳಗಿದವರು ಗೋಡೆಯಿಂದ ಎತ್ತಿದ ಕಾಯಿಯನ್ನು ನೋಡುವುದಕ್ಕೂ ಮೊದಲೇ ಹೆಬ್ಬೆರಳಲ್ಲಿ ಸವರಿ ಯಾವುದೆಂದು ಹೇಳುತ್ತಾರೆ. ಬ್ರೈಲ್ ಚುಕ್ಕೆ ಅರ್ಧ ಮಿಲಿಮೀಟರಿನಷ್ಟೇ ಎತ್ತರ, ಆದರೂ ಬೆರಳು ಅದನ್ನು ಓದುವುದಿಲ್ಲವೇ? ಇದೂ ಅದೇ ಕಸುಬು. ಹಾಗಾಗಿ ಚಿತ್ರ ಬರೀ ಬಣ್ಣದಲ್ಲಿ ಅಚ್ಚಾಗಿದ್ದರೆ ಸಾಲದು, ಕೊರೆದಿರಬೇಕು. ಉಗುರು ಆಡಿಸಿ ನೋಡಿ, ಸಿಕ್ಕಿಹಾಕಿಕೊಂಡರೆ ಸರಿ. ಹಾಂಗ್‌ಕಾಂಗ್‌ನಲ್ಲಿ ಉಳಿ ಹಿಡಿದು ಕೈಯಲ್ಲೇ ಕೊರೆಯುವವರು ಈಗ ಬೆರಳೆಣಿಕೆಯಷ್ಟು.

ಮೇಜು ಚೌಕವಾಗಿರಬೇಕು. 18 ಕಾಯಿಗಳ ಗೋಡೆಗೆ 54 ಸೆಂ.ಮೀ., ಮೇಲೆ ಕೈಯಾಡಲು ಜಾಗ. ಒಂದು ಬದಿ 90 ಸೆಂ.ಮೀ. ಇದ್ದರೆ ಆರಾಮ.

ಹಾಸು ಮಾತ್ರ ಮರೆಯಬೇಡಿ. ಕ್ಯಾಂಟೊನೀಸ್ ಭಾಷೆಯಲ್ಲಿ ಈ ಆಟಕ್ಕೂ ಗುಬ್ಬಚ್ಚಿಗೂ ಒಂದೇ ಹೆಸರು. ಕಲೆಸುವ ಸದ್ದು ಗುಬ್ಬಿಗಳ ಗದ್ದಲದಂತಿದೆ ಎನ್ನುತ್ತಾರೆ. ಕೇಳಲು ಚಂದವೇ, ಕೆಳಗಿನ ಮನೆಯಲ್ಲಿ ನೀವು ಇಲ್ಲದಿದ್ದರೆ! ಗಟ್ಟಿ ಹಲಗೆಗೆ ಕಾಯಿ ಬಡಿದಾಗ ತಬಲಾದ ಚರ್ಮದಂತೆ ಹಲಗೆಯೂ ಅದುರಿ ಸದ್ದನ್ನು ಹಿಗ್ಗಿಸುತ್ತದೆ. ಮೆತ್ತನೆಯ ಹಾಸಿದ್ದರೆ ಕಾಯಿ ಥಟ್ಟನೆ ನಿಲ್ಲದೆ ನಿಧಾನವಾಗಿ ನಿಲ್ಲುತ್ತದೆ, ಪೆಟ್ಟಿನ ಬಿರುಸು ಇಳಿಯುತ್ತದೆ. ತುಂಬ ಒರಟು ಬಟ್ಟೆ ಬೇಡ, ಕಾಯಿ ಜಾರುವುದಿಲ್ಲ.

ತಾನೇ ಕಲೆಸಿ ಗೋಡೆ ಕಟ್ಟುವ ಯಂತ್ರದ ಮೇಜುಗಳೂ ಇವೆ. ಅವುಗಳ ಕಾಯಿಯ ಹೊಟ್ಟೆಯಲ್ಲಿ ಪುಟ್ಟ ಅಯಸ್ಕಾಂತ ಅಡಗಿರುತ್ತದೆ, ಎಲ್ಲದರಲ್ಲೂ ಒಂದೇ ಕಡೆಗೆ. ಮೇಜಿನ ಒಳಗಿನ ಅಯಸ್ಕಾಂತ ಅವನ್ನು ಸೆಳೆಯುವಾಗ ಎಲ್ಲ ಕಾಯಿಗಳೂ ಒಂದೇ ಮಗ್ಗುಲಿಗೆ ತಿರುಗುತ್ತವೆ. ಮನೆಗೆ ಅಂಥ ದುಬಾರಿ ಮೇಜು ಯಾಕೆ, ಕಲೆಸುವುದರಲ್ಲೇ ಅರ್ಧ ಮಜಾ ಎಂಬ ಪೈಕಿ ನಾನು.

ಸೆಟ್ಟಿನಲ್ಲಿ ಒಂದೆರಡು ಬೋಳು ಕಾಯಿಗಳಿದ್ದರೆ ಎಸೆಯಬೇಡಿ. ಕಳೆದುಹೋದದ್ದರ ಬದಲಿಗೆ ಅವು. ನಾನು ನನ್ನವನ್ನು ಕಾಗದದಲ್ಲಿ ಸುತ್ತಿ ಜೋಪಾನ ಮಾಡಿದ್ದೆ. ಕೆಲವು ವರ್ಷಗಳ ನಂತರ ಒಂದು ಕಾಯಿ ಕಾಣೆಯಾಯಿತು. ಬದಲಿಯ ಮೇಲೆ ಚಿತ್ರ ಬರೆದು ಗೋಡೆಗೆ ಸೇರಿಸಿದರೆ, ಮೊದಲ ದಿನದ ಸಮವಸ್ತ್ರದ ಹುಡುಗನಂತೆ ಥಳಥಳ! ಉಳಿದ 143 ಬೆನ್ನುಗಳು ಬೆವರು, ಎಣ್ಣೆ, ಉಜ್ಜಾಟಗಳಿಂದ ಎಂದೋ ಮಂಕಾಗಿದ್ದವು. ಈಗ ಉಳಿದಿರುವ ಇನ್ನೊಂದು ಬೋಳು ಕಾಯಿಯನ್ನೂ ಕಲೆಸುವಾಗ ರಾಶಿಗೆ ಹಾಕುತ್ತೇನೆ, ಗೋಡೆ ಕಟ್ಟುವ ಮೊದಲು ಹುಡುಕಿ ತೆಗೆದಿಡುತ್ತೇನೆ. ಇತ್ತೀಚೆಗೆ ಹುಡುಕುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿದೆ.