ಸೋರುವ ಎಣ್ಣೆಯ ಜಾಡು



ನಿಂತಿದ್ದ ಮೋಟಾರು ಬಂಡಿಯನ್ನು ಮುಂದಕ್ಕೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಎಣ್ಣೆಯ ಮಚ್ಚೆಯೊಂದು ಕಂಡರೆ, ಅದರ ಒಡೆಯರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನಡೆದುಕೊಳ್ಳುವುದುಂಟು. ಕೆಲವರು, ಹಳೆಯ ಗಾಡಿ ಸ್ವಲ್ಪ ಸೋರುವುದು ಸಹಜವೆಂದು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಸ್ಪ್ಯಾನರು ಹಿಡಿದು, ಒದ್ದೆಯಾಗಿ ಕಂಡ ನಟ್ಟುಗಳನ್ನೆಲ್ಲ ಬಿಗಿಯುತ್ತಾರೆ. ಡೀಸೆಲ್ ಬಂಡಿಯ ವಿಷಯದಲ್ಲಿ ಈ ಎರಡೂ ತಪ್ಪು. ಸೋರಿಕೆಯನ್ನು ಅಲಕ್ಷಿಸುವುದು ಅಪಾಯ. ವಿಚಾರವಿಲ್ಲದೆ ಅದನ್ನು ಹುಡುಕಹೊರಡುವುದು ಇನ್ನೂ ದೊಡ್ಡ ಅಪಾಯ.

ಕಾರಣವನ್ನು ತಿಳಿಯಲು ಯಂತ್ರದ ಸ್ವಭಾವವನ್ನು ಸ್ವಲ್ಪ ನೋಡಬೇಕು. ರುಡೋಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರದಲ್ಲಿ, ಪೆಟ್ರೋಲ್ ಯಂತ್ರದಲ್ಲಿರುವಂತೆ ಕಿಡಿಯಿಲ್ಲ. ಬಲವಾಗಿ ಒತ್ತಲ್ಪಟ್ಟು ಕಾದ ಗಾಳಿಯೊಳಗೆ ಎಣ್ಣೆಯನ್ನು ಹೊಗಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂತಹ ಗಾಳಿಯನ್ನು ಎದುರಿಸಿ, ಮಂಜಿನಂತೆ ಸೂಕ್ಷ್ಮವಾಗಿ ಒಳಹೊಗಬೇಕಾದರೆ ಎಣ್ಣೆಗೆ ಅಸಾಧಾರಣವಾದ ಒತ್ತಡ ಬೇಕು. ಹಳೆಯ ಲಾರಿಗಳಲ್ಲಿ ಇದು ವಾಯುಮಂಡಲದ ಒತ್ತಡದ ನೂರಾರು ಪಟ್ಟು. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವಿಧಾನವು ಸುಮಾರು 1300 ಪಟ್ಟಿನಿಂದ ತೊಡಗಿ, ಈಗ 2000 ಪಟ್ಟನ್ನೂ ಮೀರಿದೆ.

ಆದಕಾರಣ ಎಣ್ಣೆಯ ದಾರಿಯನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿಕೊಳ್ಳುವುದು ಮೊದಲ ಕೆಲಸ. ಟ್ಯಾಂಕಿನಿಂದ ಎಣ್ಣೆಯನ್ನು ಹೀರಿ ತರುವ ಕೊಳವೆ ಒಂದು. ಅಲ್ಲಿಂದ ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ಹೋಗುವ ಅಲ್ಪ ಒತ್ತಡದ ದಾರಿ ಎರಡು. ಪಂಪಿನಿಂದ ನೋಜಲುಗಳವರೆಗಿನ ಅಧಿಕ ಒತ್ತಡದ ಉಕ್ಕಿನ ಕೊಳವೆಗಳು ಮೂರು. ಮಿಕ್ಕ ಎಣ್ಣೆಯನ್ನು ಟ್ಯಾಂಕಿಗೆ ಹಿಂದಿರುಗಿಸುವ ರಬ್ಬರ್ ನಳಿಕೆಗಳು ನಾಲ್ಕು.

ಇವುಗಳಲ್ಲಿ ಮೊದಲನೆಯದರ ಸೋರಿಕೆ ವಿಚಿತ್ರವಾದುದು. ಅಲ್ಲಿ ಎಣ್ಣೆ ಹೊರಗೆ ಬರುವುದಕ್ಕೆ ಬದಲಾಗಿ ಗಾಳಿ ಒಳಗೆ ಹೋಗಬಹುದು. ನೆಲದ ಮೇಲೆ ತೊಟ್ಟೂ ಕಾಣದು. ಆದರೆ ರಾತ್ರಿಯೆಲ್ಲ ಎಣ್ಣೆ ಟ್ಯಾಂಕಿಗೆ ಹಿಂಜಾರಿ, ಬೆಳಿಗ್ಗೆ ಯಂತ್ರ ಎಷ್ಟು ತಿರುಗಿಸಿದರೂ ಹೊರಡದು. ನಮ್ಮ ಮೆಕ್ಯಾನಿಕ್ಕುಗಳು "ಏರ್ ಹಿಡಿದಿದೆ" ಎನ್ನುವುದು ಇದನ್ನೇ. ಹೀರುಕೊಳವೆಯ ನಡುವೆ ಪಾರದರ್ಶಕವಾದ ನಳಿಕೆಯ ತುಂಡೊಂದನ್ನು ಸೇರಿಸಿದರೆ ಓಡುವ ಗುಳ್ಳೆಗಳು ಕಣ್ಣಿಗೆ ಬಿದ್ದು ಸಂಶಯವು ಪರಿಹಾರವಾಗುತ್ತದೆ.

ಇನ್ನು ಹೊರಗೆ ಕಾಣುವ ಸೋರಿಕೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕೆಂಬುದು ನಮ್ಮ ತಾರ್ಕಿಕರ ಹಳೆಯ ಉದಾಹರಣೆ. ಆದರೆ ಒದ್ದೆ ಕಂಡಲ್ಲಿಯೇ ತೂತಿದೆಯೆಂದು ಹೇಳುವುದಕ್ಕೆ ಅಂತಹ ವ್ಯಾಪ್ತಿಯಿಲ್ಲ. ಎಣ್ಣೆ ಕೊಳವೆಯನ್ನೇ ಹಿಡಿದು ಇಳಿಯುತ್ತದೆ. ಬಂಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ. ಡೀಸೆಲ್ಲು ಪೆಟ್ರೋಲಿನಂತೆ ಬೇಗ ಆರಿಹೋಗದೆ ಉಳಿದು ಧೂಳನ್ನು ಸೆಳೆದುಕೊಳ್ಳುವುದರಿಂದ, ನಿನ್ನೆಯ ಒದ್ದೆಗೂ ಇಂದಿನ ಒದ್ದೆಗೂ ಭೇದ ಕಾಣುವುದಿಲ್ಲ. ಆದುದರಿಂದ ಯಂತ್ರ ತಣ್ಣಗಾದ ಮೇಲೆ ಎಲ್ಲವನ್ನೂ ತೊಳೆದು ಒರಸಿ ಒಣಗಿಸಬೇಕು. ಸಂಶಯವಿರುವ ಸಂದುಗಳಿಗೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಿ, ಕೆಳಗೆ ಕಾಗದ ಹಾಸಿ, ಯಂತ್ರವನ್ನು ಕೆಲವು ನಿಮಿಷ ನಡೆಸಿ, ದೂರದಿಂದ ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಅನಂತರ ಯಂತ್ರವನ್ನು ನಿಲ್ಲಿಸಿ, ಒದ್ದೆಯಾದ ಸ್ಥಳಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಯಾವುದೋ ಅಲ್ಲಿಂದ ವಿಚಾರಣೆಯನ್ನು ಆರಂಭಿಸತಕ್ಕದ್ದು.

ದೋಷವು ಹೆಚ್ಚಾಗಿ ಅಲ್ಪವಸ್ತುಗಳಲ್ಲಿಯೇ ಇರುತ್ತದೆ: ಒಮ್ಮೆ ಬಿಚ್ಚಿ ಮತ್ತೆ ಹಾಕಿದ ತಾಮ್ರದ ವಾಷರು, ಫಿಲ್ಟರಿನ ರಬ್ಬರ್ ಉಂಗುರ, ಬಿರುಕುಬಿಟ್ಟ ಹಿಂತಿರುಗುವ ನಳಿಕೆ, ಪಟ್ಟಿಯ ಕೆಳಗೆ ತುಕ್ಕುಹಿಡಿದ ಟ್ಯಾಂಕು. ಕೆಲವೊಮ್ಮೆ ಕಾರಣವು ಎಣ್ಣೆಯಲ್ಲಿಯೇ ಇರುವುದೂ ಉಂಟು. 1993ರಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆಯಾದ ಡೀಸೆಲ್ಲು ಬಳಕೆಗೆ ಬಂದಾಗ, ಅದುವರೆಗೆ ನೆಟ್ಟಗಿದ್ದ ಹಳೆಯ ಪಂಪುಗಳ ರಬ್ಬರ್ ಸೀಲುಗಳು ಕುಗ್ಗಿ ಸೋರತೊಡಗಿದವು. ಇನ್ನೊಂದು ಸೋರಿಕೆ ಯಂತ್ರದ ಒಡಲಿನೊಳಗೇ ನಡೆಯುತ್ತದೆ. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ, ಜಾರೆಣ್ಣೆ ತೆಳುವಾಗಿ ಬೇರಿಂಗುಗಳು ಸವೆಯುವ ಮೊದಲೇ ಬಂಡಿಯನ್ನು ನಿಲ್ಲಿಸುವುದು ವಿಹಿತ.

ಈಗ ಮುಖ್ಯವಾದ ಎಚ್ಚರಿಕೆ. ನಡೆಯುತ್ತಿರುವ ಡೀಸೆಲ್ ಯಂತ್ರದ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕಲೇ ಕೂಡದು. ಅಧಿಕ ಒತ್ತಡದ ಕೊಳವೆಯ ಸೂಜಿಮೊನೆಯಷ್ಟು ತೂತಿನಿಂದ ಹೊರಡುವ ಎಣ್ಣೆ ಕಣ್ಣಿಗೆ ಕಾಣದಿರಬಹುದು. ಚರ್ಮವನ್ನು ಭೇದಿಸಿ ಮಾಂಸದೊಳಕ್ಕೆ ಹರಡಬಲ್ಲದು. 1937ರಷ್ಟು ಹಿಂದೆಯೇ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಇಂತಹ ಗಾಯದ ವಿವರ ಪ್ರಕಟವಾಗಿದೆ. ಈ ಗಾಯದ ಕಪಟವೆಂದರೆ, ಮೊದಲು ಅದು ಮುಳ್ಳುಚುಚ್ಚಿದಷ್ಟೇ ಇದ್ದು ನೋವೂ ಅಲ್ಪವಾಗಿರುತ್ತದೆ. ಮನೆಮದ್ದು ಮಾಡಿ ಕುಳಿತವನು ಬೆರಳನ್ನೋ ಕೈಯನ್ನೋ ಕಳೆದುಕೊಂಡಾನು. ಕೂಡಲೇ ಶಸ್ತ್ರವೈದ್ಯರಲ್ಲಿಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ಈ ಭಾಗದ ನಟ್ಟುಗಳನ್ನು ಯಂತ್ರ ನಡೆಯುವಾಗ ಸಡಿಲಿಸುವುದಾಗಲಿ ಬಿಗಿಯುವುದಾಗಲಿ ಸಲ್ಲದು. ಕಾಮನ್ ರೈಲ್ ಯಂತ್ರಗಳನ್ನು ನಿಲ್ಲಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾದ ಬಳಿಕ, ಬಲ್ಲವರೇ ಮುಟ್ಟುವುದು ಯುಕ್ತ.

ಡೀಸೆಲ್ಲಿಗೆ ಸುಲಭವಾಗಿ ಬೆಂಕಿ ಹತ್ತದೆಂಬ ನಂಬಿಕೆ ಅರ್ಧಸತ್ಯ. ಸುಮಾರು 210 ಡಿಗ್ರಿ ಸೆಂಟಿಗ್ರೇಡಿಗೆ ಕಾದರೆ ಅದು ಕಿಡಿಯಿಲ್ಲದೆಯೇ ಹೊತ್ತಬಲ್ಲದು. ಹೊಗೆಕೊಳವೆ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ನಷ್ಟದ ಲೆಕ್ಕವನ್ನೂ ನೋಡೋಣ. ಸೆಕೆಂಡಿಗೊಂದು ತೊಟ್ಟು, 30 ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಗಂಟೆಗೆ 120 ಮಿಲಿಲೀಟರ್. ಎಂಟು ಗಂಟೆಗೆ ಹೆಚ್ಚು ಕಡಿಮೆ ಒಂದು ಲೀಟರ್.

ಆ ಲೀಟರು ಎಲ್ಲಿ ಹೋಯಿತು? ಅದು ಸಾರ್ವಜನಿಕರ ರಸ್ತೆಯ ಮೇಲಿದೆ. ತಿರುವಿನಲ್ಲಿ ಬಿದ್ದ ಆ ಎಣ್ಣೆ, ಮಳೆಯ ಮೊದಲ ಹನಿಗಳೊಡನೆ ಸೇರಿದಾಗ, ಹಿಂದೆ ಬರುವ ದ್ವಿಚಕ್ರವಾಹನದವನನ್ನು ಕೆಡವುತ್ತದೆ. ಯಾರ ಬಂಡಿ ಸೋರಿತೆಂಬುದು ಬಿದ್ದವನಿಗೆ ತಿಳಿಯದು. ಯಾರು ಬಿದ್ದರೆಂಬುದು ಬಂಡಿಯ ಒಡೆಯನಿಗೂ ತಿಳಿಯದು. ಆದಕಾರಣ ಅಂಗಳದ ಮಚ್ಚೆಯ ಮೂಲವನ್ನು ಅರಸುವುದು ಮಿತವ್ಯಯದ ಪ್ರಶ್ನೆ ಮಾತ್ರವಲ್ಲ. ರಸ್ತೆಯನ್ನು ಹಂಚಿಕೊಂಡು ಬಾಳುವ ನಾಗರಿಕನ ಕರ್ತವ್ಯವೂ ಹೌದೆಂದು ಬಿನ್ನವಿಸಿ ವಿರಮಿಸುತ್ತೇನೆ.