ಹಳೆಯ ಕಾರಿಗೆ ಹೊಂದುವ ಕಿಡಿ



ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಕಾರಿನ ಬಿಡಿಭಾಗಗಳ ಬಗ್ಗೆ ಮಾತನಾಡಲು ಅಧಿಕಾರವೇನು ಎಂದು ನೀವು ಕೇಳಬಹುದು. ಅಧಿಕಾರವಿಲ್ಲ, ಅನುಭವವುಂಟು. ಅದೂ ಹಣ ತೆತ್ತು, ಬಿಸಿಲಿನಲ್ಲಿ ನಿಂತು ಸಂಪಾದಿಸಿದ್ದು.

ನಮ್ಮ ಮನೆಯಲ್ಲಿ ಒಂದು ಅಂಬಾಸಿಡರ್ ಕಾರಿದೆ. ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯರಾಗಿದ್ದ ನನ್ನ ತಂದೆಯವರು 1983ರಲ್ಲಿ ಅದನ್ನು ಕೊಂಡರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿ, 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ನಮ್ಮದು ಇನ್ನೂ ನಿಂತಿಲ್ಲ. ಆದರೆ ಒಮ್ಮೆ ನಿಂತಿತು. ಅದೇ ಈ ಭಾಷಣಕ್ಕೆ ಕಾರಣ.

ತಂದೆಯವರ ವಾರ್ಷಿಕ ಶ್ರಾದ್ಧ ಚೈತ್ರ ಮಾಸದಲ್ಲಿ. 2022ರಲ್ಲಿ, ಎಂಬತ್ತೇಳು ವರ್ಷದ ತಾಯಿಯವರನ್ನು ಕೂರಿಸಿಕೊಂಡು ಮೈಸೂರಿನಿಂದ ಊರಿಗೆ ಹೊರಟೆ. ಕೃಷ್ಣರಾಜನಗರ ದಾಟಿ ಭೇರ್ಯದ ಆಚೆಗೆ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ದಾರಿಹೋಕ ಮೆಕ್ಯಾನಿಕ್ ಒಬ್ಬ ಒದ್ದೆ ಬಟ್ಟೆಯನ್ನು ಕಾಯಿಲಿಗೆ ಸುತ್ತಿ, ಅದು ತಣ್ಣಗಾದ ಮೇಲೆ ಹೊರಡಿಸಿದ. ಮತ್ತೆ ಐದಾರು ಮೈಲಿಗೆ ಅದೇ ಕಥೆ. ಊರು ಮುಟ್ಟುವಾಗ ಪುರೋಹಿತರು ಕಾದು ಕಾದು ಬಳಲಿದ್ದರು. ತಾಯಿಯವರು ಗೊಣಗಲಿಲ್ಲ. ಇಳಿಯುವಾಗ, “ನಿಮ್ಮಪ್ಪನ ಕಾಲದಲ್ಲಿ ಇದು ಎಲ್ಲೂ ನಿಲ್ಲುತ್ತಿರಲಿಲ್ಲ” ಎಂದರು, ಅಷ್ಟೆ. ಆ ಮಾತು ಕಾರಿಗೆ ಹೇಳಿದ್ದೋ ನನಗೆ ಹೇಳಿದ್ದೋ ನಾನು ಕೇಳಲಿಲ್ಲ.

ಕಾಯಿಲ್ ಸತ್ತಿದೆ, ಬೇರೆ ಹಾಕಿಸಬೇಕು ಎಂಬುದು ಸ್ಪಷ್ಟವಾಗಿತ್ತು. ಅಂಗಡಿಯೊಂದರಲ್ಲಿ ಹಳೆಯದನ್ನು ತೋರಿಸಿದೆ. ಅಂಗಡಿಯವನು ಅದೇ ಗಾತ್ರದ, ಅದೇ ಆಕಾರದ, ಹೊಳೆಯುವ ಹೊಸ ಡಬ್ಬಿಯೊಂದನ್ನು ಮುಂದಿಟ್ಟು, “ಹನ್ನೆರಡು ವೋಲ್ಟಿನ ಯಾವ ಗಾಡಿಗೂ ಹೊಂದುತ್ತದೆ ಸಾರ್” ಎಂದ. ಹಿಡಿಪಟ್ಟಿಗೆ ಅದು ಹೊಂದಿತು, ತಂತಿಗಳೂ ಹೊಂದಿದವು. ಕಾರು ಯೌವನ ಮರಳಿದಂತೆ ಓಡಿತು. ಮೂರು ವಾರಗಳಾದ ಮೇಲೆ ಮತ್ತೆ ನಿಂತಿತು. ಈ ಸಲ ಸುಟ್ಟಿದ್ದದ್ದು ಪಾಯಿಂಟು. ಪಾಯಿಂಟು ಬದಲಾಯಿಸಿದೆ, ಅದೂ ಸುಟ್ಟಿತು. ಕಂಡೆನ್ಸರಿನ ದೋಷವೆಂದರು, ಅದನ್ನೂ ಬದಲಾಯಿಸಿದೆ. ಮೂರನೆಯ ಪಾಯಿಂಟೂ ಸುಟ್ಟಿತು. “ಮಾರಿಬಿಡಿ” ಎಂದು ಮಗ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಇಲ್ಲಿ ಕಿಡಿ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಬ್ಯಾಟರಿಯ ಹನ್ನೆರಡು ವೋಲ್ಟಿನಿಂದ ಕಿಡಿ ಹಾರದು. ಅದಕ್ಕೆ ಸಾವಿರಾರು ವೋಲ್ಟು ಬೇಕು. ಕಾಯಿಲಿನೊಳಗೆ ಎರಡು ಸುರುಳಿಗಳಿವೆ: ಒಂದು ದಪ್ಪ ತಂತಿಯ ಕೆಲವು ನೂರು ಸುತ್ತುಗಳದು, ಇನ್ನೊಂದು ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳದು. ಮೊದಲನೆಯದರಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ದಂಡ ಪಾಯಿಂಟಿನ ಎರಡು ತುಟಿಗಳನ್ನು ಬಿಡಿಸಿದೊಡನೆ ಆ ಹರಿವು ಕಡಿದು, ಕಾಂತಕ್ಷೇತ್ರ ಕುಸಿದು, ಎರಡನೆಯ ಸುರುಳಿಯಲ್ಲಿ ಮಹತ್ತಾದ ಒತ್ತಡ ಹುಟ್ಟುತ್ತದೆ. ರೋಟರು ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ. ಕಡಿದ ವಿದ್ಯುತ್ತು ಪಾಯಿಂಟಿನ ತುಟಿಗಳ ನಡುವೆಯೇ ಕಿಡಿಯಾಗಿ ಹಾರದಂತೆ ಅದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವುದು ಕಂಡೆನ್ಸರಿನ ಕೆಲಸ. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಯಂತ್ರದಲ್ಲಿ ಇದು ಸೆಕೆಂಡಿಗೆ ನೂರು ಸಲ ನಡೆಯಬೇಕು. ಪಾಯಿಂಟಿನ ತುಟಿಗಳ ನಡುವಣ ಅಂತರವೋ, ಅಂಗುಲದ ಸಾವಿರದಲ್ಲಿ ಹದಿನೈದು ಭಾಗ. ಇಷ್ಟು ಸೂಕ್ಷ್ಮವಾದ ಸಂಸಾರದಲ್ಲಿ ಒಬ್ಬರು ಬದಲಾದರೆ ಉಳಿದವರೆಲ್ಲರ ಬಾಳು ಬದಲಾಗುತ್ತದೆ.

ಕೊನೆಗೆ, ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಗೆ ಹೋದೆ. ಹಳೆಯ ವಾಹನಗಳ ಬಿಡಿಭಾಗ ಹುಡುಕುವವರಿಗೆ ಅದೊಂದು ಯಾತ್ರಾಸ್ಥಳ. ಅಲ್ಲಿಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಕುಳಿತಿದ್ದ ವೃದ್ಧರು ನನ್ನ ಹೊಸ ಕಾಯಿಲನ್ನು ನೋಡಲೇ ಇಲ್ಲ. ಅಳತೆಯ ಯಂತ್ರದ ಎರಡು ಕಡ್ಡಿಗಳನ್ನು ಅದರ ತಲೆಗೆ ತಾಗಿಸಿದರು. “ಒಂದೂವರೆ ಓಮ್. ನಿಮ್ಮ ಗಾಡಿಗೆ ಮೂರು ಬೇಕು” ಎಂದರು.

ಒಂದೂವರೆ ಓಮಿನ ಕಾಯಿಲ್ ಕೆಟ್ಟದ್ದಲ್ಲ. ಅದು ಬೇರೆ ಬಗೆಯ ಕಾರಿಗೆ ಹುಟ್ಟಿದ್ದು. ಅಂಥ ಕಾರಿನಲ್ಲಿ ಕಾಯಿಲಿಗೆ ಹೋಗುವ ದಾರಿಯಲ್ಲಿಯೇ ಬ್ಯಾಲಾಸ್ಟ್ ಎಂಬ ಇನ್ನೊಂದು ಪ್ರತಿರೋಧವಿರುತ್ತದೆ; ಎರಡೂ ಸೇರಿ ಲೆಕ್ಕ ಸರಿಹೋಗುತ್ತದೆ. ನನ್ನ ಕಾರಿನಲ್ಲಿ ಅದಿಲ್ಲ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು ಆಂಪಿಯರು; ಒಂದೂವರೆಯಿಂದ ಭಾಗಿಸಿದರೆ ಎಂಟು. ಪಾಯಿಂಟಿನ ಪುಟ್ಟ ತುಟಿಗಳು ಹೊರಬೇಕಾದದ್ದರ ಇಮ್ಮಡಿ ಹೊತ್ತು ಸುಟ್ಟುಹೋಗುತ್ತಿದ್ದವು. ಮೂರು ವಾರ ಕಾರು ಉತ್ಸಾಹದಿಂದ ಓಡಿದ್ದೂ ಅದೇ ಕಾರಣದಿಂದ. ಅದು ಆರೋಗ್ಯವಲ್ಲ, ಜ್ವರ.

ಆ ಹಿರಿಯರು ಹೇಳಿದ ಇನ್ನೆರಡು ವಿಚಾರಗಳು ನಿಮಗೂ ಉಪಯೋಗಕ್ಕೆ ಬಂದಾವು. ಪೆಟ್ಟಿಗೆ ಬಿಚ್ಚದ ನಲವತ್ತು ವರ್ಷದ ಹಳೆಯ ದಾಸ್ತಾನೆಂದರೆ ನಮಗೆಲ್ಲ ನಿಧಿ ಸಿಕ್ಕಂತೆ. ರೋಟರಿನಂಥ ಭಾಗದಲ್ಲಿ ಅದು ನಿಜವಾಗಬಹುದು. ಆದರೆ ಕಂಡೆನ್ಸರಿನೊಳಗಿನ ಕಾಗದ ಪೆಟ್ಟಿಗೆಯಲ್ಲಿ ಕುಳಿತಲ್ಲೇ ತೇವ ಹೀರಿ ಮುಪ್ಪಾಗುತ್ತದೆ. ಅದನ್ನು ಅಳೆದೇ ಕೊಳ್ಳಬೇಕು, ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು.

ಎರಡನೆಯದು ಪ್ಲಗ್ಗಿನ ವಿಷಯ. ವ್ಯಾಸ ಒಂದೇ ಹದಿನಾಲ್ಕು ಮಿಲಿಮೀಟರಾದರೂ ತಿರುಪಿನ ಉದ್ದ ಕೆಲವಕ್ಕೆ 12.7, ಕೆಲವಕ್ಕೆ 19. ಗಿಡ್ಡ ಪ್ಲಗ್ಗಿನ ಜಾಗಕ್ಕೆ ಉದ್ದದ್ದನ್ನು ಹಾಕಿದರೆ ಅದು ಪಿಸ್ಟನ್ನಿಗೇ ತಾಗೀತು. ಉಷ್ಣಮಾನದ ಅಂಕಿಗಳಂತೂ ಬಲ್ಲವರನ್ನೂ ದಾರಿ ತಪ್ಪಿಸುತ್ತವೆ. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ಗುಗಳನ್ನು ನೀವೆಲ್ಲ ಬಲ್ಲಿರಿ. ಬಾಷ್ ಪದ್ಧತಿಯ ಹಳೆಯ ಸಂಕೇತದಲ್ಲಿ 145, 175, 225 ಎಂದು ಅಂಕಿ ಏರಿದಂತೆ ಪ್ಲಗ್ಗು ತಂಪು. ಹೊಸ ಸಂಕೇತದಲ್ಲಿ ಅವೇ 8, 7, 5 ಆದವು. ಅಂಕಿ ಇಳಿದಂತೆ ತಂಪು. ಜಪಾನಿನ ಎನ್.ಜಿ.ಕೆ. ಪ್ಲಗ್ಗುಗಳಲ್ಲಿ ಮತ್ತೆ ಅಂಕಿ ಏರಿದಂತೆ ತಂಪು. ಒಂದರ ಏಳನ್ನು ಇನ್ನೊಂದರ ಏಳೆಂದು ತಿಳಿದು ಕೊಂಡವನು ಮೋಸಹೋದ. ಮೋಸ ಮಾಡಿದವರು ಯಾರೂ ಇಲ್ಲ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನನ್ನ ಕಸುಬೇ ನೆನಪಾಯಿತು. ಓಲೆಗರಿಯಲ್ಲಿ ಒಂದು ಅಕ್ಷರ ಹುಳು ತಿಂದು ಹೋಗಿದೆಯೆನ್ನಿ. ಸಂಪಾದಕನಾದವನು ಕಣ್ಣಿಗೆ ಸರಿಕಂಡ ಅಕ್ಷರವನ್ನು ಅಲ್ಲಿ ಕೂರಿಸುವಂತಿಲ್ಲ. ಛಂದಸ್ಸಿಗೆ ಹೊಂದಬೇಕು, ಅರ್ಥಕ್ಕೆ ಹೊಂದಬೇಕು, ಕವಿಯ ಕಾಲದ ವ್ಯಾಕರಣಕ್ಕೆ ಹೊಂದಬೇಕು. ಲಘುವಿದ್ದ ಕಡೆ ಗುರುವನ್ನು ಕೂರಿಸಿದರೆ ಆ ಅಕ್ಷರವೊಂದೇ ಅಲ್ಲ, ಪಾದವೇ ಕೆಡುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ವರ್ಷ ವರ್ಷ ಹೇಳಿದವನು ನಾನು. ಆದರೂ ಅಂಗಡಿಯಲ್ಲಿ ಡಬ್ಬಿಯ ಆಕಾರ ನೋಡಿ ಹಣ ಕೊಟ್ಟು ಬಂದೆ! ಕಾಣುವ ಹೋಲಿಕೆ ಬೇರೆ, ಹೊಂದಿಕೆ ಬೇರೆ. ಹೋಲಿಕೆಯನ್ನು ಕಣ್ಣು ಹೇಳುತ್ತದೆ. ಹೊಂದಿಕೆಯನ್ನು ಅಳತೆಯೇ ಹೇಳಬೇಕು.

ಮೂರು ಓಮಿನ ಕಾಯಿಲ್ ತಂದು ಹಾಕಿಸಿದೆ. ಈಗ ಕಾರಿನಲ್ಲಿ ಒಂದು ಸಣ್ಣ ನೋಟುಪುಸ್ತಕ ಇಟ್ಟಿದ್ದೇನೆ. ಕಾಯಿಲಿನ ಓಮ್, ಕಂಡೆನ್ಸರಿನ ಅಳತೆ, ಡಿಸ್ಟ್ರಿಬ್ಯೂಟರಿನ ಮೇಲೆ ಕೆತ್ತಿದ ಸಂಖ್ಯೆ, ಪ್ಲಗ್ಗಿನ ಉದ್ದ ಮತ್ತು ಸಂಕೇತ, ಬದಲಾಯಿಸಿದ ದಿನಾಂಕ ಎಲ್ಲವೂ ಅದರಲ್ಲಿವೆ. ಹಳೆಯ ಕಾರು ಇರುವ ಮಿತ್ರರಿಗೆ ನನ್ನ ವಿನಂತಿ ಇಷ್ಟೆ: ಭಾಗಗಳು ಚೆನ್ನಾಗಿರುವಾಗಲೇ ಅವುಗಳ ಅಳತೆ ಬರೆದಿಡಿ. ಸತ್ತ ಕಾಯಿಲಿನಿಂದ ಅದರ ಸರಿಯಾದ ಅಳತೆ ತಿಳಿಯುವುದು ಕಷ್ಟ.

ಆ ಪುಸ್ತಕದಲ್ಲಿ ಬರೆಯಲು ಕುಳಿತಾಗ ತಂದೆಯವರ ಹಳೆಯ ಔಷಧದ ಲೆಕ್ಕದ ಪುಸ್ತಕವನ್ನು ತಾಯಿಯವರು ತಂದುಕೊಟ್ಟರು. ಅದರ ಕೊನೆಯ ಹಾಳೆಯಲ್ಲಿ, ರೋಗಿಗಳ ಹೆಸರುಗಳ ಕೆಳಗೆ, ತಂದೆಯವರ ಕೈಬರಹದಲ್ಲಿ ಪಾಯಿಂಟು ಬದಲಾಯಿಸಿದ ದಿನಾಂಕಗಳ ಸಾಲಿತ್ತು. ಅವರ ಕಾಲದಲ್ಲಿ ಕಾರು ಏಕೆ ನಿಲ್ಲುತ್ತಿರಲಿಲ್ಲ ಎಂಬುದು ಆಗ ತಿಳಿಯಿತು.

2023ರ ಚೈತ್ರದಲ್ಲಿ ಮತ್ತೆ ಊರಿಗೆ ಹೊರಟೆವು. ಭೇರ್ಯ ದಾಟುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಹಿಂದಿನ ಸೀಟಿನತ್ತ ತಿರುಗಿ ನೋಡಿದರೆ, ತಾಯಿಯವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದರು.