ಬಂದದ್ದು ಸಾಲುತ್ತದೆಯೇ?

"ಬರುವ ಸಂಬಳ ಸಾಲುತ್ತದೆಯೇ?" ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದ ಮನೆ ಬೆಂಗಳೂರಿನಲ್ಲಿ ವಿರಳ. ಬಸವನಗುಡಿಯಾಗಲಿ, ಮಲ್ಲೇಶ್ವರವಾಗಲಿ, ಚಾಮರಾಜಪೇಟೆಯಾಗಲಿ, ತಿಂಗಳ ಇಪ್ಪತ್ತನೆಯ ತಾರೀಖು ದಾಟಿತೆಂದರೆ ಈ ಮಾತು ಅಡುಗೆಮನೆಯಲ್ಲಿ ಹುಟ್ಟಿ ಹಜಾರಕ್ಕೆ ಬರುತ್ತದೆ. ಉತ್ತರ ಹೇಳುವವರಿಗೂ ಕೊರತೆಯಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎನ್ನುತ್ತಾರೆ ಹಿರಿಯರು. "ಎಲ್ಲದರ ಬೆಲೆಯೂ ಏರಿದೆ, ನಾವೇನು ಮಾಡೋಣ?" ಎನ್ನುತ್ತಾರೆ ಕಿರಿಯರು. ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ಹಾಸಿಗೆಯನ್ನೇ ಬಾಡಿಗೆಗೆ ತರಬೇಕಾದ ಊರಿನಲ್ಲಿ ಆ ಗಾದೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಈ ಹೊತ್ತು ನಿಮ್ಮೊಡನೆ ಕುಳಿತು ಅದೊಂದು ಲೆಕ್ಕ ಮಾಡೋಣವೆಂದಿದ್ದೇನೆ. ಕೈಗೆಟಕುವಲ್ಲಿ ಒಂದು ಹಾಳೆ, ಒಂದು ಪೆನ್ಸಿಲು ಇದ್ದರೆ ಒಳ್ಳೆಯದು.

ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಎದುರುಬದುರಾಗಿ ಎರಡು ಸಂಸಾರಗಳಿವೆಯೆಂದು ಇಟ್ಟುಕೊಳ್ಳಿ. ಇವು ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಸಂಸಾರಗಳು; ಆದರೂ ನಿಮಗೆ ಪರಿಚಯದವರಂತೆ ತೋರಿದರೆ ಆಶ್ಚರ್ಯವಿಲ್ಲ. ಎರಡರಲ್ಲೂ ಗಂಡ, ಹೆಂಡತಿ, ಓದುವ ಇಬ್ಬರು ಮಕ್ಕಳು, ವಯಸ್ಸಾದ ಒಬ್ಬ ತಾಯಿ. ಎರಡಕ್ಕೂ ತಿಂಗಳಿಗೆ ಕೈಗೆ ಬರುವ ಹಣ 60,000 ರೂಪಾಯಿ. ಇನ್ನು ಖರ್ಚು ಬರೆಯೋಣ. ದಿನಸಿ, ಹಾಲು, ತರಕಾರಿ, ಗ್ಯಾಸು ಸೇರಿ 18,000. ವಿದ್ಯುತ್ತು, ನೀರು, ಫೋನು ಇವಕ್ಕೆ 3,000. ಮಕ್ಕಳ ಶಾಲೆಯ ವರ್ಷದ ಖರ್ಚನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 10,000. ಓಡಾಟಕ್ಕೆ 4,000. ಔಷಧಿ, ವೈದ್ಯರಿಗೆ 3,000. ಬಟ್ಟೆ, ಹಬ್ಬ, ನೆಂಟರು, ಮದುವೆಯ ಉಡುಗೊರೆ ಇವಕ್ಕೆ 5,000. ವಿಮೆಗೂ ಆಪತ್ತಿನ ಗಂಟಿಗೂ 5,000. ಕೂಡಿಸಿದರೆ 48,000. ಉಳಿದದ್ದು 12,000 ರೂಪಾಯಿ. ಇದರಲ್ಲಿ ದುಂದು ಎಂಬುದು ಎಲ್ಲಿಯೂ ಇಲ್ಲ. ಅತಿಯಾದ ಬಿಗಿಯೂ ಇಲ್ಲ.

ಈಗ ಮನೆಯ ವಿಷಯಕ್ಕೆ ಬರೋಣ. ಮೊದಲನೆಯ ಸಂಸಾರ ಇರುವುದು ತಂದೆ ಕಟ್ಟಿಸಿದ ಮನೆಯಲ್ಲಿ. ಕಂದಾಯ, ಸುಣ್ಣಬಣ್ಣ, ದುರಸ್ತಿಗೆಂದು ತಿಂಗಳಿಗೆ 2,500 ರೂಪಾಯಿ ತೆಗೆದಿಟ್ಟರೂ 9,500 ಉಳಿಯುತ್ತದೆ. ಎರಡನೆಯ ಸಂಸಾರ ಎದುರಿನ ಬಾಡಿಗೆ ಮನೆಯಲ್ಲಿದೆ. ಬಾಡಿಗೆ 25,000 ಎಂದಿಟ್ಟುಕೊಳ್ಳೋಣ. ಅಲ್ಲಿ ತಿಂಗಳಿಗೆ 13,000 ರೂಪಾಯಿ ಕೊರತೆ. ವರ್ಷದ ಕೊನೆಗೆ ಒಬ್ಬರ ಕೈಯಲ್ಲಿ 1,14,000 ರೂಪಾಯಿ ಉಳಿತಾಯ, ಇನ್ನೊಬ್ಬರ ತಲೆಯ ಮೇಲೆ 1,56,000 ರೂಪಾಯಿ ಸಾಲ. ನಡುವಣ ಅಂತರ 2,70,000. ಸಂಬಳ ಒಂದೇ, ಅಕ್ಕಿ ಒಂದೇ, ಗಾಂಧಿ ಬಜಾರಿನಲ್ಲಿ ಕೊಂಡ ಸೊಪ್ಪೂ ಒಂದೇ. ಬೇರೆಯಾದದ್ದು ಸೂರು ಮಾತ್ರ.

ನಮ್ಮ ಮಾತುಕತೆಯಲ್ಲಿ ಈ ಸಂಗತಿ ಬರುವುದು ಕಡಮೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿದಾಗ ಅದನ್ನು ಆಡಿಕೊಳ್ಳದ ಜಗಲಿಯಿರಲಿಲ್ಲ. ದಿನಕ್ಕೆ ಎರಡು ಲೀಟರ್ ಕೊಳ್ಳುವ ಮನೆಗೆ ಅದರಿಂದ ತಿಂಗಳಿಗೆ 240 ರೂಪಾಯಿ ಹೆಚ್ಚು ಬಿತ್ತು. ಚಿಕ್ಕ ಮೊತ್ತವೆಂದು ನಾನು ಹೇಳುವುದಿಲ್ಲ. ಆದರೆ ಬಾಡಿಗೆ ಕರಾರಿನಲ್ಲಿ ವರ್ಷಕ್ಕೆ ನೂರಕ್ಕೆ 5ರಂತೆ ಏರಿಕೆ ಎಂದು ಬರೆದಿದ್ದರೆ, 25,000 ರೂಪಾಯಿಗೆ ಅದು ತಿಂಗಳಿಗೆ 1,250 ಆಗುತ್ತದೆ. ಹಾಲಿನ ಏರಿಕೆಯ ಐದು ಪಟ್ಟು. ಅದೂ ಪ್ರತಿ ವರ್ಷ, ಸದ್ದಿಲ್ಲದೆ. ಅದೇ 2025ರ ಮೊದಲ ತಿಂಗಳುಗಳಲ್ಲಿ ಬಸ್ಸಿನ ದರ ನೂರಕ್ಕೆ 15ರಷ್ಟು ಏರಿತು, ಮೆಟ್ರೋ ದರ ಏರಿತು, ಹನ್ನೊಂದು ವರ್ಷಗಳ ಬಳಿಕ ನೀರಿನ ದರವೂ ಏರಿತು. ಇವೆಲ್ಲ ಪತ್ರಿಕೆಯಲ್ಲಿ ಬಂದವು. ನಮ್ಮ ಬಾಡಿಗೆ ಏರಿದ್ದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ಅಂಕಿ ಅಂಶಗಳ ಸರಾಸರಿಯಲ್ಲೂ ಇದು ಮರೆಯಾಗುತ್ತದೆ. ಬಡ ಸಂಸಾರದ ಆದಾಯದಲ್ಲಿ ಹೊಟ್ಟೆಗೆ ಹೋಗುವ ಪಾಲು ದೊಡ್ಡದು, ಆದಾಯ ಏರಿದಂತೆ ಆ ಪಾಲು ಇಳಿಯುತ್ತದೆ ಎಂದು 1857ರಲ್ಲಿಯೇ ಎಂಗೆಲ್ ಎಂಬ ಜರ್ಮನ್ ಅಂಕಿಅಂಶ ತಜ್ಞರು ತೋರಿಸಿಕೊಟ್ಟರು. ನಮ್ಮ ದೇಶದ ಪಟ್ಟಣಗಳಲ್ಲಿಯೂ ಹಾಗೆಯೇ ಆಗಿದೆ. 1999-2000ದಲ್ಲಿ ಪಟ್ಟಣದ ಸಂಸಾರದ ಖರ್ಚಿನಲ್ಲಿ ಆಹಾರದ ಪಾಲು ನೂರಕ್ಕೆ 48ರಷ್ಟಿತ್ತು. 2022-23ರ ಸರ್ಕಾರಿ ಸಮೀಕ್ಷೆಯಲ್ಲಿ ಅದು 39ಕ್ಕೆ ಇಳಿಯಿತು. ಅದೇ ಸಮೀಕ್ಷೆಯಲ್ಲಿ ಬಾಡಿಗೆಯ ಪಾಲು ನೂರಕ್ಕೆ ಸುಮಾರು 6.5 ಮಾತ್ರ. ಇಷ್ಟು ಕಡಮೆಯೇ ಎಂದು ನೀವು ಕೇಳಬಹುದು. ಸ್ವಂತ ಮನೆಯಲ್ಲಿದ್ದು ಬಾಡಿಗೆಯನ್ನೇ ಕೊಡದವರೂ, ಬಾಡಿಗೆ ಕೊಡುವವರೂ ಆ ಸರಾಸರಿಯಲ್ಲಿ ಬೆರೆತುಹೋಗಿದ್ದಾರೆ. ನಮ್ಮ ಎದುರು ಮನೆಯವರ ಲೆಕ್ಕ ನೋಡಿ: 73,000 ರೂಪಾಯಿ ಖರ್ಚಿನಲ್ಲಿ ಬಾಡಿಗೆಯೇ 25,000, ಎಂದರೆ ನೂರಕ್ಕೆ 34. ಇನ್ನೊಂದು ಮಾತು. ರಾಜ್ಯದ ಏಳನೆಯ ವೇತನ ಆಯೋಗದ ವರದಿಯಂತೆ 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27,000 ರೂಪಾಯಿಯಾಯಿತು. ನಮ್ಮ ಲೆಕ್ಕದ ಬಾಡಿಗೆಯನ್ನು ಅದರಲ್ಲಿ ಕಳೆದರೆ ಉಳಿಯುವುದು ಎರಡು ಸಾವಿರ.

ಹಾಗಾದರೆ ಹಿಂದೆ ಸಣ್ಣ ಸಂಬಳದ ಗುಮಾಸ್ತರು, ಉಪಾಧ್ಯಾಯರು ಇದೇ ಬಡಾವಣೆಗಳಲ್ಲಿ ಹೇಗೆ ಬಾಳಿದರು? ಚಾಮರಾಜಪೇಟೆ 1892ರದು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ಬೆನ್ನಿಗೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದಾಗ. ನಿವೇಶನಗಳು ದೊಡ್ಡವಾಗಿದ್ದವು. ಎಷ್ಟೋ ಮಂದಿ ಮುಂದೆ ತಮ್ಮ ಮನೆ ಕಟ್ಟಿಕೊಂಡು, ಹಿಂದೆ ಸಾಲಾಗಿ ಒಂದೆರಡು ಕೋಣೆಗಳ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಅದೇ ವಠಾರ. ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ವಠಾರದ ಬಾಳು ಸುಖದ್ದೆಂದು ಹೊಗಳಬೇಕಾಗಿಲ್ಲ; ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತಿತ್ತು. ಆದರೆ ಸಣ್ಣ ಸಂಬಳಕ್ಕೆ ತಕ್ಕ ಸೂರು ದೊಡ್ಡ ಮನೆಗಳ ಪಕ್ಕದಲ್ಲಿಯೇ, ಶಾಲೆಗೂ ಮಾರುಕಟ್ಟೆಗೂ ನಡೆಯುವಷ್ಟು ಹತ್ತಿರದಲ್ಲಿ ಸಿಗುತ್ತಿತ್ತು. ಈಗ ವಠಾರಗಳು ಒಂದೊಂದಾಗಿ ಹೋಗಿವೆ. ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಸಣ್ಣ ಸಂಬಳ ಉಳಿಯಿತು, ಸಣ್ಣ ಮನೆ ಹೋಯಿತು.

ಮನೆಯ ಮಾಲೀಕರನ್ನು ದೂರುವುದಕ್ಕಾಗಿ ಈ ಮಾತಲ್ಲ. ಮಕ್ಕಳೆಲ್ಲ ಹೊರನಾಡಿನಲ್ಲಿರುವ ವೃದ್ಧ ದಂಪತಿಗಳಿಗೆ ಮಹಡಿಯ ಬಾಡಿಗೆಯೇ ಪಿಂಚಣಿ. ಅವರ ಮನೆಯ ಬೆಲೆ ಕೋಟಿಗಳಲ್ಲಿರಬಹುದು. ಆದರೆ ಮನೆಯ ಗೋಡೆಯನ್ನು ಕೆರೆದು ಅನ್ನ ಮಾಡಲಾಗುವುದಿಲ್ಲವಷ್ಟೆ. ಇಂಥವರಿಗೆ ಒಂದು ಮಾತು: ಐನೂರು ರೂಪಾಯಿ ಹೆಚ್ಚು ಕೊಡುವ ಹೊಸಬರಿಗಿಂತ, ವರ್ಷಗಟ್ಟಲೆ ನೆಮ್ಮದಿಯಾಗಿದ್ದು ಕಷ್ಟಕ್ಕೆ ಓಡಿಬರುವ ಸಂಸಾರ ನಿಮಗೂ ಲಾಭವೇ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಕಳೆಯುವುದೇ 50,000 ರೂಪಾಯಿ.

ಬಾಡಿಗೆಗೆ ಹೋಗುವವರು ಮಾಡಬಹುದಾದದ್ದೇನು? ಮೊದಲನೆಯದಾಗಿ, ಲೆಕ್ಕವನ್ನು ತಿಂಗಳಿಗಲ್ಲ, ವರ್ಷಕ್ಕೆ ಬರೆಯಿರಿ. ಸಂಸಾರವನ್ನು ಕೆಡಹುವುದು ತಿಂಗಳ ದಿನಸಿಯಲ್ಲ. ಜೂನ್ ತಿಂಗಳ ಶಾಲೆಯ ಶುಲ್ಕ, ಗೌರಿ ಗಣೇಶ, ಅನಿರೀಕ್ಷಿತವಾಗಿ ಬರುವ ಆಸ್ಪತ್ರೆ. ಇವನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ತೆಗೆದಿಡಿ.

ಎರಡನೆಯದು, ಬಾಡಿಗೆ ಆದಾಯದ ಮೂರನೆಯ ಒಂದು ಪಾಲನ್ನು ಮೀರದಂತೆ ನೋಡಿಕೊಳ್ಳಿ. 60,000ಕ್ಕೆ 20,000. ಅದಕ್ಕೂ ಕೊರತೆ ಬರುತ್ತದೆಂದು ನಮ್ಮ ಲೆಕ್ಕವೇ ಹೇಳುತ್ತದೆ, ಆದುದರಿಂದ ಇದು ಗಡಿಯೇ ಹೊರತು ಗುರಿಯಲ್ಲ. ಮುಂಗಡವನ್ನೂ ಮರೆಯಬೇಡಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಈ ಊರಿನ ಬಹುಕಾಲದ ರೂಢಿ. 2,50,000 ರೂಪಾಯಿ ಬಡ್ಡಿಯಿಲ್ಲದೆ ಕೂತರೆ, ನೂರಕ್ಕೆ 7ರಂತೆ ವರ್ಷಕ್ಕೆ 17,500 ನಷ್ಟ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಮಾದರಿಯೆಂದ ಮೇಲೆ ತಾನಾಗಿಯೇ ಕಾನೂನಲ್ಲ, ಆದರೂ ಚೌಕಾಸಿಗೆ ಒಂದು ಆಧಾರ. ಭೋಗ್ಯಕ್ಕೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ಇಡುಗಂಟು ಕೊಡುವ ಮೊದಲು ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ, ಕರಾರನ್ನು ನೋಂದಣಿ ಮಾಡಿಸಿ.

ಮೂರನೆಯದು, ಊರ ಹೊರಗೆ ಹೋಗುವ ಯೋಚನೆಯಿದ್ದರೆ ಪೂರ್ತಿ ಲೆಕ್ಕ ಮಾಡಿ. ಬಾಡಿಗೆಯಲ್ಲಿ 10,000 ಉಳಿಯಿತೆನ್ನಿ. ಒಬ್ಬರ ಓಡಾಟಕ್ಕೆ ದಿನಕ್ಕೆ 100 ರೂಪಾಯಿಯಂತೆ 25 ದಿನಕ್ಕೆ 2,500 ಕಳೆಯಿರಿ. ಮಕ್ಕಳ ಶಾಲೆಯ ವ್ಯಾನಿಗೆ, ತಾಯಿಯನ್ನು ಹಳೆಯ ವೈದ್ಯರ ಬಳಿಗೆ ಆಟೋದಲ್ಲಿ ಕರೆತರುವುದಕ್ಕೆ ಇನ್ನಷ್ಟು ಕಳೆಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಉಳಿದಿದೆ, ಅದನ್ನು ಕೂಡಿಸಿ. ದಿನಕ್ಕೆ ಎರಡು ಗಂಟೆ ದಾರಿಯಲ್ಲಿ ಹೋಗುತ್ತದೆ. ಅದಕ್ಕೆ ಬೆಲೆ ಕಟ್ಟುವವರು ನೀವೇ. ಇಷ್ಟಾದ ಮೇಲೂ ಐದಾರು ಸಾವಿರ ಉಳಿದರೆ ಸಂತೋಷದಿಂದ ಹೋಗಿ. ಹಳೆಯ ಬಡಾವಣೆ ಬಿಡುವುದು ಅವಮಾನವೇನೂ ಅಲ್ಲ. ಪ್ಲೇಗಿನ ಕಾಲದಲ್ಲಿ ಬಸವನಗುಡಿಯೂ ಊರ ಹೊರಗೇ ಇತ್ತು.

ಈ ಲೆಕ್ಕವನ್ನು ನಿಮ್ಮ ಮುಂದೆ ಇಟ್ಟದ್ದಕ್ಕೆ ಮುಖ್ಯ ಕಾರಣ ಒಂದುಂಟು. ಸಂಬಳ ಸಾಲದೆ ಬಂದಾಗ ನಮ್ಮ ಮನೆಗಳಲ್ಲಿ ತಪ್ಪು ಹೊರಿಸುವುದು ಮೊದಲು ಗೃಹಿಣಿಯ ಮೇಲೆ. "ಎದುರು ಮನೆಯವರಿಗೂ ಇಷ್ಟೇ ಸಂಬಳ, ಅವರ ಹೆಂಡತಿ ಉಳಿಸುತ್ತಾಳೆ, ನಿನ್ನ ಕೈ ಬಿಗಿಯಿಲ್ಲ" ಎಂಬ ಮಾತು ಎಷ್ಟು ಮನೆಗಳ ನೆಮ್ಮದಿ ಕೆಡಿಸಿದೆಯೋ. ಕೆಲವು ಕಡೆ ಅದೇ ಮಾತು ತಿರುಗಿ ಗಂಡಸಿನ ದುಡಿಮೆಯ ಮೇಲೆ ಬೀಳುತ್ತದೆ. ಆಕೆ ತರಕಾರಿಯಲ್ಲಿ ಹತ್ತು, ಹಾಲಿನಲ್ಲಿ ಇಪ್ಪತ್ತು ಉಳಿಸಿ ಸವೆಯುತ್ತಾಳೆ. ಕೊರತೆಯಿರುವುದು ಹದಿಮೂರು ಸಾವಿರದ್ದು. ತಿಂಗಳಿಗೆ 18,000 ರೂಪಾಯಿಯ ಅಡುಗೆಮನೆಯಿಂದ ಹದಿಮೂರು ಸಾವಿರವನ್ನು ಯಾವ ಜಾಣೆಯೂ ಉಳಿಸಲಾರಳು.

ಆದುದರಿಂದ ಈ ತಿಂಗಳ ಒಂದು ಭಾನುವಾರ ಮನೆಯವರೆಲ್ಲ ಕುಳಿತು ಹಾಳೆಯ ಮೇಲೆ ಎರಡು ಮೊತ್ತಗಳನ್ನು ಬೇರೆಬೇರೆಯಾಗಿ ಬರೆಯಿರಿ: ಬಾಳುವುದಕ್ಕೆ ಎಷ್ಟು, ಸೂರಿಗೆ ಎಷ್ಟು. ತಿಳಿವಳಿಕೆ ಬಂದ ಮಕ್ಕಳೂ ಜೊತೆಯಲ್ಲಿರಲಿ. ಕೊರತೆ ಮೊದಲನೆಯದರಲ್ಲಿದ್ದರೆ ಕೈ ಬಿಗಿಹಿಡಿಯಿರಿ. ಎರಡನೆಯದರಲ್ಲಿದ್ದರೆ ಒಬ್ಬರನ್ನೊಬ್ಬರು ದೂರುವುದನ್ನು ಬಿಟ್ಟು, ಮನೆ ಬದಲಿಸುವುದೋ, ಇನ್ನೊಂದು ಸಂಪಾದನೆ ನೋಡುವುದೋ, ಮಕ್ಕಳ ಓದು ಮುಗಿಯುವವರೆಗೆ ಇಲ್ಲಿಯೇ ಇದ್ದು ಆಮೇಲೆ ಹೊರಡುವುದೋ, ಎಲ್ಲರೂ ಕೂಡಿ ನಿಶ್ಚಯಿಸಿ.